‘ಬಿಗಿನ್’ ಬರೆದ ಮಗುವಿನ ಅಂಕ ಕಳೆಯಬೇಡಿ

ಪಕ್ಕದ ಮನೆಯ ಹುಡುಗಿ ನಿನ್ನೆ ಸಂಜೆ ತನ್ನ ಟ್ಯೂಷನ್ ನೋಟ್‌ಬುಕ್ ತಂದು ತೋರಿಸಿದಾಗಿನಿಂದ ನನಗೆ ಸಮಾಧಾನವಿಲ್ಲ. ಗೆಳತಿಗೆ ಬರೆದ ಪತ್ರದಲ್ಲಿ ಆಕೆ ‘ಇಟ್ ಬಿಗ್ಯಾನ್ ಟು ರೈನ್’ ಎಂದು ನೂರಕ್ಕೆ ನೂರು ಸರಿಯಾದ ವಾಕ್ಯವನ್ನು ಬರೆದಿದ್ದಾಳೆ. ಕೆಂಪು ಶಾಯಿಯಲ್ಲಿ ‘ಬಿಗ್ಯಾನ್’ ಹೊಡೆದುಹಾಕಿ, ಮೇಲೆ ‘ಕಮೆನ್ಸ್ಡ್’ ಎಂದು ತಿದ್ದಿ, ಪಕ್ಕದಲ್ಲಿ ‘ಒಳ್ಳೆಯ ಪದ ಬಳಸು’ ಎಂದು ಸೂಚಿಸಿ ಅರ್ಧ ಅಂಕ ಕಳೆಯಲಾಗಿದೆ. ತಿದ್ದಿದ ವಾಕ್ಯವೂ ವ್ಯಾಕರಣಕ್ಕೆ ಹೊರಗಲ್ಲ, ಹಳೆಯ ಇಂಗ್ಲಿಷ್ ಗದ್ಯದಲ್ಲಿ ಅಂಥದ್ದು ಸಿಗುತ್ತದೆ. ಆದರೆ ಈ ಕಾಲದಲ್ಲಿ ಯಾವ ಗೆಳತಿಯೂ ಗೆಳತಿಗೆ ಮಳೆಯ ಸುದ್ದಿಯನ್ನು ಹಾಗೆ ಬರೆಯುವುದಿಲ್ಲ.

ನನ್ನ ಸಿಟ್ಟು ಆ ಅರ್ಧ ಅಂಕದ ಬಗ್ಗೆ ಅಲ್ಲ. ಸರಿಯಾಗಿ ಬರೆದ ಮಗುವಿಗೆ ‘ನಿನ್ನ ಪದ ಚಿಕ್ಕದು’ ಎಂದು ಹೇಳಿಕೊಡುವುದರ ಬಗ್ಗೆ.

ಈ ಪದಗಳ ನಡುವಿನ ವ್ಯತ್ಯಾಸ ಕನ್ನಡಿಗರಿಗೆ ಅರ್ಥವಾಗದಷ್ಟು ಕಷ್ಟದ್ದೇನೂ ಅಲ್ಲ. ‘ಮಗು ಅಳತೊಡಗಿತು’ ಎನ್ನುವ ನಾವು ‘ಮಗು ರೋದನವನ್ನು ಪ್ರಾರಂಭಿಸಿತು’ ಎನ್ನುವುದಿಲ್ಲ. ತೊಡಗು ನಮ್ಮದೇ ಪದ, ಶುರು ಅರಬ್ಬಿ–ಪಾರಸಿಯ ಕಡೆಯಿಂದ ಬಂದದ್ದು, ಪ್ರಾರಂಭ ಸಂಸ್ಕೃತದ್ದು, ಮತ್ತು ಯಾವುದು ಎಲ್ಲಿಗೆ ಒಗ್ಗುತ್ತದೆ ಎಂಬುದನ್ನು ಯಾರೂ ಕಲಿಸದೆಯೇ ನಮ್ಮ ಕಿವಿ ಬಲ್ಲದು. ಇಂಗ್ಲಿಷಿನಲ್ಲಿಯೂ ಹಾಗೆಯೇ. ‘ಬಿಗಿನ್’ ಆ ನುಡಿಯ ಹುಟ್ಟುಪದ. ‘ಕಮೆನ್ಸ್’ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಬಂದು ಸೇರಿದ್ದು. ಆಳುವವರ ಮತ್ತು ನ್ಯಾಯಾಲಯದ ಭಾಷೆ ಬಹುಕಾಲ ಫ್ರೆಂಚೇ ಆಗಿದ್ದುದರಿಂದ ಅಂಥ ಪದಗಳಿಗೆ ಇಂದಿಗೂ ಕಚೇರಿಯ ಗಾಂಭೀರ್ಯವಿದೆ. ಗಾಂಭೀರ್ಯವಿದ್ದ ಮಾತ್ರಕ್ಕೆ ಅದು ಮೇಲಿನ ಪದವಾಗುವುದಿಲ್ಲ.

‘ಸ್ಟಾರ್ಟ್’ ಪದದ ಕಥೆ ಇನ್ನೂ ಸೊಗಸಾಗಿದೆ. ಅದರ ಮೂಲಾರ್ಥ ಜಿಗಿಯುವುದು, ಥಟ್ಟನೆ ಚಲಿಸುವುದು. ಸದ್ದು ಕೇಳಿ ಬೆಚ್ಚಿಬೀಳುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ ಬರುತ್ತದೆ; ‘ಸ್ಟಾರ್ಟಲ್’ ಇದರ ಒಡಹುಟ್ಟು. ಆ ಜಿಗಿತ ಇನ್ನೂ ಅದರೊಳಗೆ ಉಳಿದಿರುವುದರಿಂದಲೇ ಎಂಜಿನ್ನನ್ನು ‘ಸ್ಟಾರ್ಟ್’ ಮಾಡಬಹುದು, ‘ಬಿಗಿನ್’ ಮಾಡಲಾಗದು, ‘ಕಮೆನ್ಸ್’ ಅಂತೂ ಮಾಡಲಾಗದು. ಗ್ಯಾರೇಜಿನ ಹುಡುಗ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ ಸಾರ್’ ಎನ್ನುವಾಗ ಪದವನ್ನು ಅದರ ಸರಿಯಾದ ಜಾಗದಲ್ಲಿಯೇ ಇಟ್ಟಿರುತ್ತಾನೆ. ಮೂರೂ ಪದಗಳಿಗೆ ‘ಪ್ರಾರಂಭಿಸು’ ಎಂಬ ಒಂದೇ ಅರ್ಥ ಬರೆಸಿ ಉರುಹೊಡೆಸುವ ಪಾಠ ಆ ಹುಡುಗನಿಗೆ ಗೊತ್ತಿರುವುದನ್ನು ನಮ್ಮ ಮಕ್ಕಳಿಂದ ಕಿತ್ತುಕೊಳ್ಳುತ್ತಿದೆ.

‘ಕಮೆನ್ಸ್’ ಬೇಡವೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿ ಬೇಕಾಗುವುದು ಕಾನೂನಿನಲ್ಲಿ. 1897ರ ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ಒಂದು ಕಾಯ್ದೆಯ ‘ಕಮೆನ್ಸ್‌ಮೆಂಟ್’ ಎಂದರೆ ಅದು ಜಾರಿಗೆ ಬರುವ ದಿನ. ಭಾರತೀಯ ನ್ಯಾಯ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25ರಂದು, ಅದು ಜಾರಿಗೆ ಬಂದದ್ದು 2024ರ ಜುಲೈ 1ರಂದು. ನಡುವಿನ ತಿಂಗಳುಗಳಲ್ಲಿ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ನಮ್ಮ ಸಂವಿಧಾನದ 394ನೇ ವಿಧಿಯ ಶೀರ್ಷಿಕೆಯೇ ‘ಕಮೆನ್ಸ್‌ಮೆಂಟ್’. ಪೌರತ್ವದ 5ರಿಂದ 9ರವರೆಗಿನ ವಿಧಿಗಳೂ ಸೇರಿ ಕೆಲವು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಉಳಿದವಕ್ಕೆ 1950ರ ಜನವರಿ 26 ಎಂದು ನಿಗದಿಪಡಿಸಿ, ಆ ದಿನವನ್ನೇ ಸಂವಿಧಾನದ ಪ್ರಾರಂಭವೆಂದು ಆ ವಿಧಿ ಹೆಸರಿಸಿತು. ಇಷ್ಟು ಖಚಿತವಾದ ಕೆಲಸವಿರುವ ಪದವನ್ನು ಮಳೆಗೂ ಅಳುವಿಗೂ ಹಂಚುವುದು ಆ ಪದಕ್ಕೂ ಅನ್ಯಾಯ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಂತೂ ಘಟಿಕೋತ್ಸವಕ್ಕೇ ‘ಕಮೆನ್ಸ್‌ಮೆಂಟ್’ ಎಂಬ ಹೆಸರು. ‘ಪ್ರಾರಂಭ’ ಎಂಬ ಅರ್ಥವನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಆ ಆಹ್ವಾನಪತ್ರಿಕೆ ಅರ್ಥವಾಗುವುದಾದರೂ ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸಮಾನಾರ್ಥಕ ಪದಗಳನ್ನು ಕೇಳುತ್ತಾರೆ, ಮಕ್ಕಳ ಪದಸಂಪತ್ತು ಬೆಳೆಯಬೇಡವೇ ಎಂದು ಕೆಲವರು ಕೇಳುತ್ತೀರಿ. ಬೆಳೆಯಲಿ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಲು ಪದ ಗೊತ್ತಿದ್ದರೆ ಸಾಕು. ಅದಕ್ಕಾಗಿ ಗೆಳತಿಗೆ ಬರೆದ ಪತ್ರವನ್ನು ಸುತ್ತೋಲೆಯಾಗಿ ತಿದ್ದಬೇಕಾಗಿಲ್ಲ.

ನಾನು ಕನ್ನಡ ಮಾಧ್ಯಮದಿಂದ ಬಂದವಳು. ಪಿಯುಸಿಯಲ್ಲಿ ಇಂಗ್ಲಿಷ್ ಮಾತನಾಡಲು ಬಾಯಿ ತೆರೆಯದೆ ಕುಳಿತಿದ್ದೆ. ಪದಗಳು ಗೊತ್ತಿಲ್ಲವೆಂದಲ್ಲ, ನನಗೆ ಗೊತ್ತಿದ್ದ ಪದಗಳು ಸಭೆಗೆ ತಕ್ಕವಲ್ಲವೆಂದು ಮೊದಲೇ ನಂಬಿಸಿಬಿಟ್ಟಿದ್ದರು. ಆ ಅಂಜಿಕೆ ಬಿಡಲು ವರ್ಷಗಳೇ ಬೇಕಾದವು. ಅದನ್ನೇ ಇನ್ನೊಂದು ತಲೆಮಾರಿಗೆ ದಾಟಿಸುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ಇದನ್ನು ಓದುತ್ತಿರುವ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ನಾಳೆ ಕಪ್ಪುಹಲಗೆಯ ಮೇಲೆ ಸಮಾನಾರ್ಥಕ ಪದಗಳ ಪಟ್ಟಿಯ ಬದಲು ಮೂರು ವಾಕ್ಯ ಬರೆಯಿರಿ: ಮಳೆಗೆ ‘ಬಿಗಿನ್’, ಬೈಕಿಗೆ ‘ಸ್ಟಾರ್ಟ್’, ಪರೀಕ್ಷೆಯ ಅಧಿಸೂಚನೆಗೆ ‘ಕಮೆನ್ಸ್’. ಆಮೇಲೆ ಪದಗಳನ್ನು ಅದಲುಬದಲು ಮಾಡಿ ಓದಿಸಿ, ಎಲ್ಲಿ ಕಿವಿಗೆ ಒಗ್ಗುವುದಿಲ್ಲವೆಂದು ಮಕ್ಕಳನ್ನೇ ಕೇಳಿ.