ಸತ್ಯಾಂಶ: ಉಣ್ಣಿಸಿದ ಮಾತ್ರಕ್ಕೆ ಅನೊರೆಕ್ಸಿಯಾ ಹೋಗುತ್ತದಾ?

"ಅನೊರೆಕ್ಸಿಯಾ ಬರೀ ಹಟ. ಒಂದು ತಿಂಗಳು ಎದುರು ಕೂರಿಸಿಕೊಂಡು ಉಣ್ಣಿಸಿ, ಸರಿಹೋಗುತ್ತದೆ. ಥೆರಪಿ ಸುಮ್ನೆ ದಂಡ" ಅನ್ನೋ ಮೆಸೇಜ್ ಓಡಾಡುತ್ತಿದೆ. ಅನೊರೆಕ್ಸಿಯಾ ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆ. ಥೆರಪಿ ಅಂದರೆ ಇಲ್ಲಿ ಮಾತುಕತೆಯ ಮೂಲಕ ಕೊಡುವ ಮನಸ್ಸಿನ ಚಿಕಿತ್ಸೆ.

ಊಟ ಬೇಕೇ ಬೇಕು, ಅಷ್ಟು ನಿಜ. ಆದರೆ ತೀರಾ ಸೊರಗಿದವರಿಗೆ ಒಮ್ಮೆಲೇ ಜಾಸ್ತಿ ಉಣ್ಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣಾಂಶ ಕುಸಿದು ಹೃದಯಕ್ಕೇ ಅಪಾಯ. ಅದು ಡಾಕ್ಟರ ಕಣ್ಣೆದುರೇ ಆಗಬೇಕು.

ಇನ್ನು ತಟ್ಟೆ ಖಾಲಿಯಾದರೂ ಒಳಗಿನ ಭಯ ಹಾಗೇ ಇರುತ್ತದೆ. ಒಂದು ತುತ್ತನ್ನು ಹತ್ತು ಚೂರು ಮಾಡುವ ಕೈ, ಬೆಳಗಾದರೆ ತೂಕದ ಯಂತ್ರದತ್ತ ಓಡುವ ಕಾಲು ಇವೆಲ್ಲ ಹಟವಲ್ಲ, ಕಾಯಿಲೆ. ಥೆರಪಿಯ ಕೆಲಸ ಇರುವುದು ಇಲ್ಲೇ. ಅದು ನಿಧಾನ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2017ರಲ್ಲಿ ವಯಸ್ಕರಿಗೆ ಸೂಚಿಸಿದ ಥೆರಪಿಗಳಲ್ಲಿ ಒಂದು 40 ವಾರಗಳಷ್ಟು ನಡೆಯುತ್ತದೆ. ತಿಂಗಳ ಮಾತೆಲ್ಲಿ ಬಂತು?

"ಹಳೇ ಕಾಯಿಲೆ, ವಾಸಿಯಾಗಲ್ಲ" ಅನ್ನೋದೂ ತಪ್ಪೇ. ಅಮೆರಿಕದ ಬಾಸ್ಟನ್‌ನಲ್ಲಿ ಚಿಕಿತ್ಸೆಗೆ ಬಂದ ಮಹಿಳೆಯರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 9 ವರ್ಷಕ್ಕೆ ಅನೊರೆಕ್ಸಿಯಾದಿಂದ ಗುಣವಾದವರು ನೂರಕ್ಕೆ 31. ಸುಮಾರು 22 ವರ್ಷಕ್ಕೆ ನೂರಕ್ಕೆ 63. ಅಂದರೆ ಹತ್ತು ವರ್ಷ ಕಳೆದ ಮೇಲೂ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ.