ನುಂಗಿ ಮಲಗಿದ ಹೆಬ್ಬಾವನ್ನು ಕೆಣಕಬೇಡಿ

ಕೋಳಿಗೂಡಿನಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಬಿದ್ದ ಹೆಬ್ಬಾವಿನ ವೀಡಿಯೊ ಉಡುಪಿ, ಕಾರ್ಕಳ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಬಂದಾಗಲೆಲ್ಲ ಯಾರಾದರೂ ಬರೆಯುತ್ತಾರೆ: ಹೆಬ್ಬಾವು ದವಡೆ ಕಳಚಿ ನುಂಗುತ್ತದೆ ಅಂತ. ಕಳಚುವುದಿಲ್ಲ ಮಾರಾಯ್ರೆ. ಅದರ ಕೆಳದವಡೆಯ ಎಡ, ಬಲ ಎಲುಬುಗಳು ನಮ್ಮ ಹಾಗೆ ಗದ್ದದಲ್ಲಿ ಬೆಸೆದಿಲ್ಲ, ನಡುವೆ ಹಿಗ್ಗುವ ತಂತು ಉಂಟು. ದವಡೆಯನ್ನು ತಲೆಬುರುಡೆಗೆ ಸೇರಿಸುವ ಎಲುಬೂ ಉದ್ದ, ಅಲ್ಲಾಡುವಂಥದ್ದು. ಬಾಯಿ ಅಡ್ಡಕ್ಕೂ ಅಗಲವಾಗುವುದು ಅದಕ್ಕೇ.

ತುಟಿಯಂಚಿನ ಕುಳಿಗಳಿಂದ ಕತ್ತಲಲ್ಲೂ ಅದಕ್ಕೆ ಕೋಳಿಯ ಮೈಬಿಸಿ ತಿಳಿಯುತ್ತದೆ. ಕಚ್ಚಿದ ಕೂಡಲೇ ಸುತ್ತಿಕೊಳ್ಳುತ್ತದೆ. ಬೇಟೆ ಉಸಿರುಗಟ್ಟಿ ಸಾಯುತ್ತದೆ ಎಂಬುದು ಹಳೆಯ ನಂಬಿಕೆ. ಆದರೆ 2015ರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ಸ್ಕಾಟ್ ಬೋಬ್ಯಾಕ್ ಅವರ ತಂಡ, ಹೆಬ್ಬಾವಿನ ಹಾಗೆಯೇ ಸುತ್ತಿ ಕೊಲ್ಲುವ ಬೋವಾ ಹಾವು ಸುತ್ತಿದ ಇಲಿಗಳ ರಕ್ತದೊತ್ತಡ ಅಳೆದು ನೋಡಿದಾಗ ಉಸಿರುಗಟ್ಟುವ ಮೊದಲೇ, ಕೆಲವೇ ಸೆಕೆಂಡುಗಳಲ್ಲಿ ರಕ್ತಸಂಚಾರವೇ ಕುಸಿದಿತ್ತು.

ನುಂಗುವುದು ಸಾಮಾನ್ಯವಾಗಿ ತಲೆ ಕಡೆಯಿಂದ. ಆಗ ರೆಕ್ಕೆ, ಕಾಲು ಮೈಗೆ ಮಡಚಿಕೊಳ್ಳುತ್ತವೆ. ಬಾಯಲ್ಲಿ ಮೇಲೆ ನಾಲ್ಕು ಸಾಲು, ಕೆಳಗೆ ಎರಡು ಸಾಲು ಹಲ್ಲು. ಎಲ್ಲವೂ ಗಂಟಲ ಕಡೆಗೆ ಬಾಗಿದ ಕೊಕ್ಕೆಗಳು. ಎಡಭಾಗ ಕಚ್ಚಿ ಹಿಡಿದಿರುವಾಗ ಬಲಭಾಗ ಸಡಿಲಿಸಿ ಮುಂದೆ ಸರಿಯುತ್ತದೆ, ಮತ್ತೆ ಬಲ ಹಿಡಿದು ಎಡ. ಅಂದರೆ ಕೋಳಿಯನ್ನು ಒಳಗೆಳೆಯುವುದಕ್ಕಿಂತ ತನ್ನ ತಲೆಯನ್ನೇ ಕೋಳಿಯ ಮೇಲೆ ನಡೆಸಿಕೊಂಡು ಹೋಗುತ್ತದೆ. ಹತ್ತಿರದಿಂದ ನೋಡಿದವರಿಗೆ ಬಾಯಿಯ ತಳದಲ್ಲಿ ಒಂದು ಸಣ್ಣ ಕೊಳವೆ ಹೊರಚಾಚಿರುವುದು ಕಂಡೀತು. ಅದು ಶ್ವಾಸನಾಳದ ಬಾಯಿ. ಗಂಟಲು ಪೂರ್ತಿ ತುಂಬಿದ್ದರೂ ಉಸಿರಾಟ ಅದರಲ್ಲಿ ನಡೆಯುತ್ತದೆ. ಎದೆಯೆಲುಬು ಇಲ್ಲದ ಕಾರಣ ಪಕ್ಕೆಲುಬುಗಳೂ ಬಿಚ್ಚಿಕೊಂಡು ಜಾಗ ಕೊಡುತ್ತವೆ.

ಹಾವಿಗೆ ಅಪಾಯ ಇರುವುದು ನುಂಗಿದ ಮೇಲೆ. ಜೀರ್ಣಿಸಲು ಅದರ ಇಡೀ ದೇಹ ದುಡಿಯಬೇಕು. ಬರ್ಮಾ ಹೆಬ್ಬಾವಿನ ಹೃದಯ ಉಂಡ 48 ಗಂಟೆಯೊಳಗೆ ಸುಮಾರು 40% ದೊಡ್ಡದಾದದ್ದು ದಾಖಲಾಗಿದೆ. ಮೈಗೆ ಬಿಸಿ ಸಾಲದಿದ್ದರೆ ಒಳಗಿನ ಬೇಟೆ ಕೊಳೆಯಲು ಶುರು. ಬಾಲ ಹಿಡಿದು ಎಳೆದರೆ, ಗೋಣಿಗೆ ತುರುಕಿದರೆ, ಫೋಟೊಗೆಂದು ಎತ್ತಿ ಹಿಡಿದರೆ ಹಾವು ಹಗುರಾಗಿ ತಪ್ಪಿಸಿಕೊಳ್ಳಲು ನುಂಗಿದ್ದನ್ನು ಕಕ್ಕಿಬಿಡುತ್ತದೆ. ಸತ್ತ ಕೋಳಿ ಬದುಕಿ ಬರುವುದಿಲ್ಲ, ಹಾವಿಗೆ ವಾರಗಟ್ಟಲೆಯ ಅನ್ನ ಹೋಯಿತು. ಜನ ಇದನ್ನು ರಕ್ಷಣೆ ಎನ್ನುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಂಡರೆ ನಾಯಿ ಕಟ್ಟಿ, ಮಕ್ಕಳನ್ನು ದೂರ ನಿಲ್ಲಿಸಿ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ಹೊಟ್ಟೆ ತುಂಬಿದೆ ಎಂದು ಮೊದಲೇ ತಿಳಿಸಿ. ಅವರು ಬರುವವರೆಗೆ ಟಾರ್ಚು ಬಿಡುವುದೂ ಬೇಡ. ಗೂಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹೊಡೆಸಿ, ಬಾಗಿಲಿನ ಅಡಿಯ ಸಂದನ್ನೂ ಮುಚ್ಚಿ. ಖಾಲಿ ಹೊಟ್ಟೆಯಲ್ಲಿ ಹಾವು ನುಸುಳುವುದು ಆ ಸಂದಿನಲ್ಲೇ, ಉಂಡ ಮೇಲೆ ಸಿಕ್ಕಿಬೀಳುವುದೂ ಅಲ್ಲೇ.