ರಸ್ತೆ ಮೇಲೆ ಒಕ್ಕಣೆ: ದಂಡ ಹಾಕಬೇಕೇ?

ಪರ: ಹಾಕಲೇಬೇಕು

ಗದಗದಿಂದ ರೋಣದ ಕಡೆ ದಿನಾ ಬೈಕಿನಲ್ಲಿ ಓಡಾಡುವವನು ನಾನು. ಹೆಸರುಕಾಳಿನ ಸುಗ್ಗಿ ಬಂತೆಂದರೆ ಎದೆ ಡವಡವ. ಅರ್ಧ ರಸ್ತೆಗೆ ಹೆಸರು ಹಾಸಿರುತ್ತಾರೆ. ಲಾರಿ, ಬಸ್ಸು ಹಾಯ್ದಷ್ಟೂ ಕಾಳು ಬಿಡುತ್ತದೆ, ಪುಕ್ಕಟೆ ಒಕ್ಕಣೆ. ಎರಡು ಗಾಲಿಯವನ ಗತಿ? ಮೇಲೆ ಹೊಟ್ಟು, ಕೆಳಗೆ ಉದುರಿದ ಕಾಳು. ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ, ಹಿಡಿಯದಿದ್ದರೆ ಎದುರಿಗೆ ಬಸ್ಸು. ಹಾವೇರಿ ಕಡೆ ಗೋವಿನಜೋಳ ಹರವಿದ ರಸ್ತೆಯಂತೂ ಗೋಲಿ ಚೆಲ್ಲಿದ ಹಾಗೆ.

ಕಾರಿನವರೂ ಸುಖವಾಗಿಲ್ಲ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತುವುದುಂಟು.

ನನಗೆ ನಿಜವಾಗಿ ಸಿಟ್ಟು ಬರುವುದು ಕಲ್ಲಿಗೆ. ಒಣಗಲು ಹಾಕಿದ ಕಾಳಿನ ರಾಶಿ ಮೇಲೆ ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲು ಜೋಡಿಸುತ್ತಾರೆ. ಸಂಜೆ ಕಾಳು ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಎರಡು ವರ್ಷದ ಹಿಂದೆ ಕತ್ತಲಲ್ಲಿ ಅಂಥದೊಂದಕ್ಕೆ ಗುದ್ದಿ ಬಿದ್ದೆ. ಓಡಿಬಂದು ನೀರು ಕುಡಿಸಿದವರು ಕಲ್ಲಿಟ್ಟವರೇ! “ಸಾವಕಾಶ ಬರಬಾರದೇನ್ರಿ” ಅಂತ ಬುದ್ಧಿವಾದ ಬೇರೆ.

ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯ 283ನೇ ಕಲಮಿನಲ್ಲಿ 200 ರೂಪಾಯಿವರೆಗೆ ದಂಡ ಇತ್ತು. ಅದಕ್ಕೆ ಯಾರು ಹೆದರುತ್ತಾರೆ? 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000ದವರೆಗೆ ಏರಿದೆ. ಹಾಕಲಿ. ಮೊದಲು ಕಲ್ಲಿಟ್ಟವರಿಗೇ ಹಾಕಲಿ.

ವಿರೋಧ: ಮತ್ತೆಲ್ಲಿ ಒಣಗಿಸಬೇಕು?

ನಮ್ಮದು ಎರೆಹೊಲ. ಹೆಸರು ಕೈಗೆ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬುಡ್ಡಿ, ಅಂದರೆ ಹೆಸರಿನ ಕಾಯಿ, ನಾಲ್ಕು ದಿನ ನೆನೆದರೆ ಗಿಡದಲ್ಲೇ ಮೊಳಕೆ. ಒಣಗಿದ ಗಟ್ಟಿ ಜಾಗ ಅಂತ ಇರುವುದು ಡಾಂಬರ್ ರಸ್ತೆ ಒಂದೇ.

ಮೊದಲು ಕಣ ಮಾಡುತ್ತಿದ್ದರಲ್ಲ ಅಂತೀರಿ. ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಎತ್ತು ತಿರುಗಿಸುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಎತ್ತೇ ಇಲ್ಲ. ಒಕ್ಕುವ ಮಷಿನ್‌ಗೆ ಪಾಳಿ ಹಚ್ಚಬೇಕು, ಮೇಲಾಗಿ ಹಸಿ ಹೆಸರನ್ನು ಅದು ಸರಿಯಾಗಿ ಒಕ್ಕುವುದೂ ಇಲ್ಲ. ಉದ್ಯೋಗ ಖಾತ್ರಿಯಲ್ಲಿ ಕಣ ಕಟ್ಟಿಸಿಕೊಂಡವರಿದ್ದಾರೆ, ನಿಜ. ಎರಡು ಎಕರೆಯವರು ಅದರಲ್ಲಿ ಬಿತ್ತಬೇಕೋ, ಕಣಕ್ಕೆ ಬಿಡಬೇಕೋ?

ಇನ್ನು ಬೆಂಬಲ ಬೆಲೆ. ಹೆಸರಿನಲ್ಲಿ ತೇವ 12 ಶೇಕಡಾ ದಾಟಬಾರದು, ಗೋವಿನಜೋಳದಲ್ಲಿ 14. ದಾಟಿದರೆ ಖರೀದಿ ಕೇಂದ್ರದಿಂದ ವಾಪಸ್. ಪೇಟೆಗೆ ಒಯ್ದರೆ ಮುಷ್ಟಿಯಲ್ಲಿ ಹಿಡಿದು ನೋಡಿ “ಹಸಿ ಐತ್ರೀ” ಅಂತ ರೇಟು ಕಡಿಯುತ್ತಾರೆ. ಅದರ ಮೇಲೆ 5,000 ದಂಡವೂ ಬಿದ್ದರೆ ಮುಗೀತು.

ಕಲ್ಲಿನ ಮಾತು ಒಪ್ಪುತ್ತೇನೆ. ನಮ್ಮ ಮಾವನವರೂ ಇಡುತ್ತಿದ್ದರು, ಅದಕ್ಕೆ ಮನೆಯಲ್ಲಿ ಜಗಳವೇ ಆಗಿದೆ. ಕಲ್ಲು ತೆಗೆದರೆ ರಾಶಿ ಪಕ್ಕ ಯಾರಾದರೂ ಕೂರಬೇಕು, ಅಷ್ಟೇ. ಹೋದ ಸುಗ್ಗಿಯಲ್ಲಿ ರಾತ್ರಿ ಮಳೆ ಬಂತು. ತಾಡಪತ್ರಿ ಹೊದಿಸಿ, ನಾನು ಈ ತುದಿಗೆ, ಯಜಮಾನರು ಆ ತುದಿಗೆ, ಬೆಳಗಾಗುವ ತನಕ ಬ್ಯಾಟರಿ ಹಚ್ಚಿಕೊಂಡು ಕೂತೆವು. ಲಾರಿ ಲೈಟು ಬಂದಾಗಲೆಲ್ಲ ಎದ್ದು ನಿಂತು ಕೈ ಬೀಸುತ್ತಿದ್ದೆವು.